ಕಾದ ನೀರು ಕಾಲಿಗೆ ತಾಗಲಿಲ್ಲ: ಮೊಲೊಕಾಯಿಯ ಫಾದರ್ ಡೇಮಿಯನ್, 1884–1889

1884ರ ಡಿಸೆಂಬರ್, ಹವಾಯಿಯ ಮೊಲೊಕಾಯಿ ದ್ವೀಪ. ದಣಿದ ಕಾಲಿಗೆ ಹಿತವಾಗಲೆಂದು ಫಾದರ್ ಡೇಮಿಯನ್ ಬಿಸಿನೀರಿನಲ್ಲಿ ಪಾದ ಇಟ್ಟರು. ನೀರು ವಿಪರೀತ ಕಾದಿತ್ತು. ಚರ್ಮ ಬೊಬ್ಬೆ ಬಂದು ಸುಲಿಯತೊಡಗಿದ್ದು ಅವರಿಗೆ ಕಣ್ಣಿನಿಂದ ನೋಡಿ ಗೊತ್ತಾಯಿತು, ಉರಿಯಿಂದಲ್ಲ. ಹನ್ನೊಂದು ವರ್ಷ ಕುಷ್ಠಬಾಧಿತರ ಹುಣ್ಣು ತೊಳೆದ ಮನುಷ್ಯನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿಂದ 1889ರ ಏಪ್ರಿಲ್ 15ರವರೆಗೆ, ಅಂದರೆ ನಾಲ್ಕು ವರ್ಷ ನಾಲ್ಕು ತಿಂಗಳು, ಅವರು ಬದುಕಿದರು. ಈ ಬರಹ ಆ ಅವಧಿಯದು. ಗುಣವಾಗುವ ಔಷಧಿ ಆಗ ಇರಲಿಲ್ಲ. ಜಾಗ ಬಿಟ್ಟು ಹೋಗುವಂತಿರಲಿಲ್ಲ. ಮೇಲಧಿಕಾರಿಗಳ ಪ್ರೀತಿಯೂ ಅಷ್ಟಕ್ಕಷ್ಟೆ. ಇಂಥದ್ದರಲ್ಲಿ ಒಬ್ಬ ಕ್ರೈಸ್ತನ ವಿಶ್ವಾಸ ಯಾವುದರ ಮೇಲೆ ನಿಂತಿತು, ಎಲ್ಲಿ ಅಲುಗಾಡಿತು, ಅಲುಗಾಡಿಸಿದ್ದು ಏನು ಎಂಬುದೇ ನಮ್ಮ ಪ್ರಶ್ನೆ. ಪ್ರವಚನಗಳಲ್ಲಿ ಡೇಮಿಯನ್ನರನ್ನು ಕಬ್ಬಿಣದ ಮನುಷ್ಯನಂತೆ ಚಿತ್ರಿಸುವುದು ರೂಢಿ. ಅವರ ಪತ್ರಗಳಲ್ಲಿ ಕಾಣುವವರು ಬೇರೆ: ಮುಂಗೋಪಿ, ಹಟಮಾರಿ, ಒಂಟಿತನಕ್ಕೆ ಅಂಜುವವರು. ಆ ಕಾರಣಕ್ಕೇ ಈ ಪ್ರಕರಣ ನಮ್ಮ ನಿಮ್ಮ ಮನೆಯ ರೋಗಿಗಳಿಗೆ ಉಪಯೋಗಕ್ಕೆ ಬರುತ್ತದೆ.

ಜಾಗ ಮತ್ತು ಮನುಷ್ಯ

ಹವಾಯಿ ರಾಜ್ಯ 1865ರಲ್ಲಿ ಕುಷ್ಠರೋಗ ತಡೆಯಲು ಕಾನೂನು ತಂದಿತು. ರೋಗ ಇದೆ ಎಂದು ಗೊತ್ತಾದವರನ್ನು ಮೊಲೊಕಾಯಿ ದ್ವೀಪದ ಒಂದು ಚಾಚಿಗೆ ಸಾಗಿಸಬೇಕು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಗೋಡೆಯಂತೆ ಎದ್ದ ಕಡಿದಾದ ಬಂಡೆ. ಮೊದಲ ಗುಂಪು 1866ರ ಜನವರಿ 6ರಂದು ಅಲ್ಲಿ ಇಳಿಯಿತು. ಈ ಪ್ರತ್ಯೇಕವಾಸ 1969ರವರೆಗೂ ಮುಂದುವರಿಯಿತು. ಒಟ್ಟು ಸುಮಾರು 8,000 ಜನರನ್ನು ಅಲ್ಲಿಗೆ ಕಳಿಸಲಾಯಿತು.

ಡೇಮಿಯನ್ ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಮ್ಮಿನ ಟ್ರೆಮೆಲೊ ಹಳ್ಳಿಯಲ್ಲಿ. ಮನೆಯಲ್ಲಿಟ್ಟ ಹೆಸರು ಯೋಸೆಫ್ ದೆ ವೂಸ್ಟರ್. ಹವಾಯಿಗೆ ಹೋಗಬೇಕಾಗಿದ್ದವರು ಡೇಮಿಯನ್ ಸೇರಿದ್ದ ಸನ್ಯಾಸಿಗಳ ಸಭೆಯಲ್ಲೇ ಇದ್ದ ಅಣ್ಣ. ಅವರು ಕಾಯಿಲೆ ಬಿದ್ದರು, ತಮ್ಮ ತಾನೇ ಬರೆದು ಕೇಳಿ ಆ ಜಾಗಕ್ಕೆ ಹೊರಟರು. 1864ರ ಮಾರ್ಚ್‌ನಲ್ಲಿ ಹೊನೊಲುಲು, ಮೇ ತಿಂಗಳಲ್ಲಿ ಯಾಜಕದೀಕ್ಷೆ, 1873ರ ಮೇ 10ರಂದು ಮೊಲೊಕಾಯಿಯ ಕಲಾವಾವೊ. ಮೊದಲ ಕೆಲವು ವಾರ ದೇವಾಲಯದ ಪಕ್ಕದ ಒಂದು ಮರದ ಕೆಳಗೆ ಮಲಗಿದರು. ನಮ್ಮ ಕರಾವಳಿಯ ಕೇದಗೆಯ ಹತ್ತಿರದ ಬಂಧು ಅದು.

ರೋಗ ಬರುವ ಮೊದಲೇ ಕಟ್ಟಿಕೊಂಡದ್ದು

ಕಾಯಿಲೆ ಬಂದ ಮೇಲೆ ಹೊಸದಾಗಿ ಪ್ರಾರ್ಥನೆ ಕಲಿಯುವುದು ಬಹಳ ಕಷ್ಟ. ಡೇಮಿಯನ್ ಅದನ್ನು ಕಲಿಯಬೇಕಾಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವರ ದಿನಕ್ಕೆ ಒಂದು ಎಲುಬುಗೂಡು ಬಂದಿತ್ತು: ಬೆಳಗ್ಗೆ ಧ್ಯಾನ ಮತ್ತು ಬಲಿಪೂಜೆ, ಆಮೇಲೆ ರೋಗಿಗಳ ಮನೆಗಳ ಸುತ್ತಾಟ, ಮಧ್ಯೆ ಮರಗೆಲಸ, ಸಂಜೆ ಜಪಸರ, ರಾತ್ರಿ ಯಾಜಕರ ನಿತ್ಯಪ್ರಾರ್ಥನೆ. ಜನರೊಂದಿಗೆ ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ನಂಬುವ ರೊಟ್ಟಿಯ) ಸರದಿ ಆರಾಧನೆಯನ್ನೂ ಏರ್ಪಡಿಸಿದ್ದರು. ದೇವಾಲಯದವರೆಗೆ ಬರಲಾಗದವರು ತಮ್ಮ ಸರದಿಯ ಹೊತ್ತಿನಲ್ಲಿ ಮಲಗಿದಲ್ಲೇ ಪ್ರಾರ್ಥಿಸುತ್ತಿದ್ದರು. ಪರಮಪ್ರಸಾದ ಹತ್ತಿರ ಇರದಿದ್ದರೆ ಇಲ್ಲಿ ತಾಳಿಕೊಳ್ಳಲು ಆಗುತ್ತಲೇ ಇರಲಿಲ್ಲ ಎಂಬ ಅರ್ಥದ ಮಾತು ಅವರ ಪತ್ರಗಳಲ್ಲಿ ಬರುತ್ತದೆ. ಇದನ್ನು ಭಕ್ತಿಯ ಅಲಂಕಾರ ಎಂದು ಓದಬಾರದು. ಮನೆ ನಿಂತಿರುವುದು ಯಾವ ಕಂಬದ ಮೇಲೆ ಎಂದು ಬಡಗಿಯೊಬ್ಬ ತೋರಿಸಿದಂತೆ ಅದು.

ಕಲಾವಾವೊದ ಸಂತ ಫಿಲೊಮಿನಾ ದೇವಾಲಯದ ನೆಲ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರೋಗ ಬಲಿತವರಿಗೆ ಬಾಯಿಯಲ್ಲಿ ಜೊಲ್ಲು, ಗಂಟಲಲ್ಲಿ ಕಫ ನಿಲ್ಲುತ್ತಿರಲಿಲ್ಲ. ಪೂಜೆಯ ನಡುವೆ ಪದೇ ಪದೇ ಎದ್ದು ಹೊರಗೆ ಹೋಗಿ ಉಗುಳಬೇಕು, ಅಥವಾ ನಾಚಿ ಬರುವುದನ್ನೇ ಬಿಡಬೇಕು. ಡೇಮಿಯನ್ ಕೂರುವ ಜಾಗಗಳ ಪಕ್ಕ ಮರದ ನೆಲಹಾಸಿನಲ್ಲಿ ಚೌಕಾಕಾರದ ತೂತುಗಳನ್ನು ಕೊರೆದರು. ದೊಡ್ಡ ಎಲೆಯೊಂದನ್ನು ಕೊಳವೆಯಂತೆ ಸುತ್ತಿ ತೂತಿಗೆ ಹಿಡಿದರೆ ಉಗುಳು ನೇರವಾಗಿ ಕೆಳಗಿನ ಮಣ್ಣಿಗೆ. ಆ ತೂತುಗಳು ಇಂದಿಗೂ ಅಲ್ಲಿವೆ. ರೋಗಿ ದೇವರ ಮನೆಗೆ ಬರುವುದಕ್ಕೆ ಅಡ್ಡಿಯಾಗಿದ್ದುದು ಅಪನಂಬಿಕೆಯಲ್ಲ, ಉಗುಳು. ಅಡ್ಡಿ ಯಾವುದೆಂದು ಸರಿಯಾಗಿ ಗುರುತಿಸಿದ್ದರಿಂದ ಒಂದು ಗರಗಸದಿಂದ ಕೆಲಸ ಮುಗಿಯಿತು.

ಅವರ ಉಳಿದ ಕೆಲಸವೂ ಇದೇ ಬಗೆಯದು. ಹೆಣಗಳನ್ನು ಪೆಟ್ಟಿಗೆಯಿಲ್ಲದೆ ಮಣ್ಣಿಗೆ ಹಾಕುತ್ತಿದ್ದ ಊರಿನಲ್ಲಿ ಶವಪೆಟ್ಟಿಗೆಗಳನ್ನು ತಾವೇ ಮಾಡಿದರು, ಸ್ಮಶಾನಕ್ಕೆ ಬೇಲಿ ಹಾಕಿದರು, ಅಂತ್ಯಕ್ರಿಯೆಗೆಂದೇ ಒಂದು ಸಂಘ ಕಟ್ಟಿದರು. ಕಣಿವೆಯಿಂದ ಕೊಳವೆಯಲ್ಲಿ ನೀರು ತರಿಸಿದರು. ಹುಣ್ಣುಗಳ ವಾಸನೆ ತಡೆಯಲು ಪೈಪ್ ಸೇದುವ ಅಭ್ಯಾಸ ಮಾಡಿಕೊಂಡರು. ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಪೊಯ್ ಅನ್ನು ಜನರೊಂದಿಗೆ ಒಂದೇ ಬಟ್ಟಲಿನಿಂದ ತಿಂದರು.

ಇಲ್ಲಿ ಒಂದು ತಪ್ಪು ತಿದ್ದಬೇಕು. ರೋಗ ಬಂದ ಮೇಲೆ ಒಂದು ಭಾನುವಾರ ಅವರು ಪ್ರಬೋಧನೆಯಲ್ಲಿ 'ನನ್ನ ಸಹೋದರರೇ' ಎನ್ನುವ ಬದಲು 'ಕುಷ್ಠರೋಗಿಗಳಾದ ನಾವು' ಎಂದರು, ಸಭೆ ಬೆಚ್ಚಿತು ಎಂಬ ಕಥೆ ಬಹಳ ಕಡೆ ಓಡಾಡುತ್ತದೆ. 'ನಾವು' ಎನ್ನುವುದನ್ನು ಅವರು ಶುರುಮಾಡಿದ್ದು 1873ರಲ್ಲೇ, ಮೈಯಲ್ಲಿ ಯಾವ ಗುರುತೂ ಇಲ್ಲದಾಗ. ಅಣ್ಣನಿಗೆ ಬರೆದ ಪತ್ರದಲ್ಲಿ ಅದು ಇದೆ. ಮೊದಲು ಮಾತು ಬಂತು, ರೋಗ ಆಮೇಲೆ ಬಂತು. ಈ ಅನುಕ್ರಮ ಮುಖ್ಯ.

ರೋಗದ ನಡೆ

ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸೆನ್ ಗುರುತಿಸಿದ್ದು 1873ರಲ್ಲಿ, ಡೇಮಿಯನ್ ಮೊಲೊಕಾಯಿಗೆ ಬಂದ ವರ್ಷವೇ. ಅದು ಮುಖ್ಯವಾಗಿ ಚರ್ಮ ಮತ್ತು ಹೊರನರಗಳಿಗೆ ತಗಲುತ್ತದೆ. ನರ ಸತ್ತರೆ ನೋವು, ಬಿಸಿ, ತಣ್ಣಗೆ ಯಾವುದೂ ತಿಳಿಯದು. ಸುಟ್ಟರೂ ಕೊಯ್ದರೂ ಗೊತ್ತಾಗದೆ ಹುಣ್ಣಾಗುತ್ತದೆ. ಬೆರಳು ತಾನಾಗಿ 'ಉದುರುವುದಿಲ್ಲ'. ಅರಿವಿಲ್ಲದ ಗಾಯಗಳು ಕೊಳೆತು ಮೂಳೆ ಸವೆದು ಹೋಗುತ್ತದೆ. ಬಹುಪಾಲು ಜನರಿಗೆ ಈ ರೋಗದ ವಿರುದ್ಧ ಹುಟ್ಟಿನಿಂದಲೇ ರಕ್ಷಣೆ ಇರುತ್ತದೆ. ತಗಲಿದವರಲ್ಲಿಯೂ ಲಕ್ಷಣ ಕಾಣಿಸಲು ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಹಿಡಿಯುತ್ತದೆ.

ಡೇಮಿಯನ್ನರಿಗೆ 1870ರ ದಶಕದ ಕೊನೆಗೇ ಮೈಮೇಲೆ ಕಲೆಗಳು ಬಂದು ಹೋಗುತ್ತಿದ್ದವು. 1880ರ ನಂತರ ಎಡಗಾಲಿನ ನರದುದ್ದಕ್ಕೂ ಸೆಳೆತ. ಬಿಸಿನೀರಿನ ಪ್ರಸಂಗದ ಹೊತ್ತಿಗೆ ಜರ್ಮನ್ ವೈದ್ಯ ಎಡ್ವರ್ಡ್ ಆರ್ನಿಂಗ್ ಕಾಲಿಗೆ ಸೂಜಿ ಚುಚ್ಚಿ ನೋಡಿದರು; ಸ್ಪರ್ಶವಿರಲಿಲ್ಲ. 1885ರಲ್ಲಿ ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ಡೇಮಿಯನ್ ಬರೆದ ಪತ್ರದಲ್ಲಿ ಎಡಗೆನ್ನೆ ಮತ್ತು ಕಿವಿಯಲ್ಲಿ ಗುರುತು ಬಂದಿದೆ, ಹುಬ್ಬು ಉದುರುತ್ತಿದೆ, ಇನ್ನು ಸ್ವಲ್ಪ ದಿನದಲ್ಲಿ ಮುಖ ಪೂರ್ತಿ ಕೆಡುತ್ತದೆ ಎಂದು ಲೆಕ್ಕ ಒಪ್ಪಿಸಿದಂತೆ ಹೇಳಿ, 'ನಿನ್ನ ಚಿತ್ತ ನೆರವೇರಲಿ' ಎಂಬುದನ್ನು ದಿನಾ ಮನಸಾರೆ ಹೇಳುತ್ತಿದ್ದೇನೆ ಎಂದು ಸೇರಿಸಿದ್ದಾರೆ. ಮುಂದೆ ಕಿವಿಗಳು ಊದಿದವು, ಮೂಗಿನ ಸೇತು ಕುಸಿಯಿತು, ಕೈಗೆ ಹುಣ್ಣಾಯಿತು.

ಚಿಕಿತ್ಸೆಯನ್ನು ಅವರು ಬಿಡಲಿಲ್ಲ, ಇದನ್ನು ಒತ್ತಿ ಹೇಳಬೇಕು. ಜಪಾನಿನ ವೈದ್ಯ ಗೋಟೊ ಅವರ ಪದ್ಧತಿಯಂತೆ ದಿನಕ್ಕೆರಡು ಬಾರಿ ಬಿಸಿನೀರಿನ ಸ್ನಾನ, ಗುಳಿಗೆ, ತೊಗಟೆಯ ಕಷಾಯ ಮಾಡಿದರು. ಕಲಾವಾವೊದಲ್ಲಿ ಅದಕ್ಕೆ ಸ್ನಾನಗೃಹವನ್ನೂ ಕಟ್ಟಿಸಿದರು. 1888ರ ಡಿಸೆಂಬರಿನಲ್ಲಿ ಬಂದ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಗುರ್ಜನ್ ಎಣ್ಣೆ ತಂದುಕೊಟ್ಟರು. ಅಂಡಮಾನಿನಲ್ಲಿ ಕುಷ್ಠಬಾಧಿತ ಕೈದಿಗಳಿಗೆ ಬಳಸಿದ್ದ ಮರದೆಣ್ಣೆ ಅದು. ಸುಣ್ಣದ ನೀರಿನೊಂದಿಗೆ ಬೆರೆಸಿ ಮೈಗೆ ತಿಕ್ಕುವುದು, ಸ್ವಲ್ಪ ಕುಡಿಯುವುದು. ಅದನ್ನೂ ಮಾಡಿದರು. 'ನಿನ್ನ ಚಿತ್ತ' ಎನ್ನುವುದಕ್ಕೂ ಔಷಧಿ ತೆಗೆದುಕೊಳ್ಳುವುದಕ್ಕೂ ಅವರಿಗೆ ಜಗಳ ಕಾಣಲಿಲ್ಲ. ಔಷಧಿ ಬಿಟ್ಟರೆ ಮಾತ್ರ ವಿಶ್ವಾಸ ಗಟ್ಟಿ ಎಂದು ರೋಗಿಗಳ ಕಿವಿಯಲ್ಲಿ ಊದುವವರು ಇದನ್ನು ಓದಲಿ.

ಅಲುಗಾಡಿದ್ದು ಎಲ್ಲಿ

ರೋಗಕ್ಕಿಂತ ಹೆಚ್ಚು ಅವರನ್ನು ತಿಂದದ್ದು ಪಾಪನಿವೇದನೆಗೆ ಒಬ್ಬ ಗುರು ಸಿಗದಿದ್ದುದು.

ಕಥೋಲಿಕ ಯಾಜಕನೂ ತನ್ನ ಪಾಪವನ್ನು ತಾನೇ ಕ್ಷಮಿಸಿಕೊಳ್ಳಲಾರ. ಇನ್ನೊಬ್ಬ ಯಾಜಕನ ಮುಂದೆ ಮಂಡಿಯೂರಲೇಬೇಕು. 1873ರಲ್ಲೇ ಈ ತೊಂದರೆ ಶುರುವಾಗಿತ್ತು. ಪ್ರಾಂತಾಧಿಕಾರಿ (ಸಭೆಯ ಸ್ಥಳೀಯ ಮೇಲಧಿಕಾರಿ) ಹಡಗಿನಲ್ಲಿ ಬಂದಾಗ ಕಪ್ತಾನ ಅವರನ್ನು ಇಳಿಯಲು ಬಿಡಲಿಲ್ಲ, ಡೇಮಿಯನ್ನರನ್ನು ಹತ್ತಲೂ ಬಿಡಲಿಲ್ಲ. ಡೇಮಿಯನ್ ಸಣ್ಣ ದೋಣಿಯಲ್ಲಿ ನಿಂತು, ಮೇಲಿದ್ದ ಗುರುಗಳಿಗೆ ಕೇಳುವಂತೆ ತಮ್ಮ ಪಾಪಗಳನ್ನು ಫ್ರೆಂಚಿನಲ್ಲಿ ಕೂಗಿ ಹೇಳಿದರು. ಅವರ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ದೃಶ್ಯ ಇಲ್ಲ. ನಾಚಿಕೆ ದೊಡ್ಡದೋ ಸಂಸ್ಕಾರ ದೊಡ್ಡದೋ ಎಂಬ ಪ್ರಶ್ನೆಗೆ ಅವರ ಉತ್ತರ ಆ ದೋಣಿಯಲ್ಲಿದೆ.

ಆಮೇಲೆ ಜೊತೆಗೆ ಗುರುಗಳು ಬಂದರು. ಅವರೊಂದಿಗೆ ಜಗಳಗಳೂ ಆದವು, ಅದರಲ್ಲಿ ಡೇಮಿಯನ್ನರ ಪಾಲೂ ಇತ್ತು. 1885ರಲ್ಲಿ ಕೊನೆಯವರೂ ಹೊರಟುಹೋದರು. ರೋಗ ಮುಖಕ್ಕೆ ಬಂದ ವರ್ಷವೇ ಅವರು ಒಬ್ಬರಾದರು. ದ್ವೀಪದಾಚೆಯಿಂದ ಗುರುವೊಬ್ಬರು ಬರುತ್ತಿದ್ದುದು ಅಪರೂಪ. ಹೊನೊಲುಲುವಿಗೆ ಬಂದು ಪಾಪನಿವೇದನೆ ಮಾಡಿ ಹೋಗುತ್ತೇನೆ ಎಂದು ಬರೆದಾಗ ಆಗಿನ ಪ್ರಾಂತಾಧಿಕಾರಿ ಲಿಯೊನೊರ್ ಫುಎನೆಲ್ ಅವರಿಂದ ಬಂದದ್ದು ಕಟುವಾದ ನಿರಾಕರಣೆ. ಬಂದರೆ ಬೇರೆ ಗುರುಗಳಿಗೆ ಸೋಂಕಿನ ಭಯ, ಅವರು ಮುಟ್ಟಿದ ಪೂಜಾಪಾತ್ರೆಯನ್ನು ಇನ್ನೊಬ್ಬರು ಬಳಸುವುದು ಹೇಗೆ ಎಂಬ ಚಿಂತೆ. ಚಿಕ್ಕಂದಿನಿಂದ ಅನುಭವಿಸಿದ ಎಲ್ಲಕ್ಕಿಂತ ಈ ನಿರಾಕರಣೆ ಹೆಚ್ಚು ನೋಯಿಸಿತು ಎಂಬ ಮಾತು ಡೇಮಿಯನ್ನರ ಪತ್ರದಲ್ಲಿದೆ. ಕುಷ್ಠರೋಗವೂ ಆ 'ಎಲ್ಲ'ದೊಳಗೆ ಸೇರಿದೆ.

ಅವರು ಏನು ಮಾಡಿದರು? ವಿಧೇಯತೆಯ ವ್ರತ ಮುರಿಯಲಿಲ್ಲ, ಸುಮ್ಮನೂ ಕೂರಲಿಲ್ಲ. ಮತ್ತೆ ಮತ್ತೆ ಬರೆದರು. 1886ರ ಜುಲೈನಲ್ಲಿ ಹೊನೊಲುಲುವಿನ ಕಾಕಾಆಕೊ ಆಸ್ಪತ್ರೆಗೆ ಹೋಗಿ ಒಂದು ವಾರದಷ್ಟು ಕಾಲ ಇದ್ದರು: ಗೋಟೊ ಚಿಕಿತ್ಸೆ ನೋಡಿ ಕಲಿತರು, ಪಾಪನಿವೇದನೆ ಮಾಡಿದರು. ರಾಜ ಕಲಾಕಾವ ಅಲ್ಲಿಗೆ ಬಂದು ನೋಡಿಹೋದರು. ಆದರೆ ಊರಿಗೆ ಒಬ್ಬ ಗುರು ಸಿಗಲು ಇನ್ನೂ ಸುಮಾರು ಎರಡು ವರ್ಷ ಕಾಯಬೇಕಾಯಿತು.

ಇದರ ಮೇಲೆ ಇನ್ನೆರಡು ಭಾರ. ಇಂಗ್ಲೆಂಡಿನ ಆಂಗ್ಲಿಕನ್ನರು ಅವರ ಹೆಸರಿನಲ್ಲಿ ಹಣ ಕೂಡಿಸಿ ಕಳಿಸಿದಾಗ, ಇವರು ಹೆಸರಿಗಾಗಿ ಹಾತೊರೆಯುತ್ತಾರೆ ಎಂಬ ಮಾತು ಸ್ವಂತ ಸಭೆಯೊಳಗೇ ಎದ್ದಿತು. ಕುಷ್ಠ ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದು ಆ ಕಾಲದಲ್ಲಿ ಹಲವು ವೈದ್ಯರೇ ನಂಬಿದ್ದರಿಂದ ಅವರ ಬ್ರಹ್ಮಚರ್ಯದ ಮೇಲೂ ಪಿಸುಮಾತು. ತಾಯಿಗೆ ಅವರು ರೋಗದ ಸುದ್ದಿ ತಿಳಿಸಿರಲಿಲ್ಲ. ಪತ್ರಿಕೆಗಳಿಂದ ತಿಳಿಯಿತು, 1886ರ ಆಗಸ್ಟಿನಲ್ಲಿ ಆಕೆ ತೀರಿಕೊಂಡರು.

ಕೊನೆಗಾಲದ ಈ ವರ್ಷಗಳಲ್ಲಿ, ತಾನು ಪರಲೋಕಕ್ಕೆ ಯೋಗ್ಯನಲ್ಲ ಎಂಬ ಭಯ ಅವರನ್ನು ಹಿಡಿದದ್ದುಂಟು. ಇದನ್ನು ಮುಚ್ಚಿಡುವ ಅಗತ್ಯ ನಮಗೆ ಕಾಣುವುದಿಲ್ಲ. ದೀರ್ಘ ನೋವು, ನಿದ್ರೆಯಿಲ್ಲದ ರಾತ್ರಿ, ಒಂಟಿತನ ಸೇರಿದಾಗ ಮನಸ್ಸು ಕುಗ್ಗುವುದು ಕಾಯಿಲೆಯದೇ ಭಾಗ. ಆ ಭಯದ ದಿನಗಳಲ್ಲೂ ಬೆಳಗಿನ ಪೂಜೆ ನಡೆಯಿತು, ಸಂಜೆಯ ಜಪಸರ ನಡೆಯಿತು. ಮನಸ್ಸು ಹೊರಲಾರದ್ದನ್ನು ನೇಮ ಹೊತ್ತಿತು.

ಜೊತೆಗಾರರು ಬಂದ ಮೇಲೆ

1886ರ ಜುಲೈ ಕೊನೆಯಲ್ಲಿ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್ ಬಂದರು. ಯಾಜಕರಲ್ಲ, ಗಾಯ ಕಟ್ಟುವ ಕೆಲಸ ಕೈಗೆತ್ತಿಕೊಂಡರು. 1888ರ ಮೇನಲ್ಲಿ ಬೆಲ್ಜಿಯಮ್ಮಿನವರೇ ಆದ ಫಾದರ್ ಕಾನ್ರಾರ್ಡಿ, ನವೆಂಬರಿನಲ್ಲಿ ಮದರ್ ಮರಿಯಾನ್ ಕೋಪ್ ಮತ್ತು ಇಬ್ಬರು ಫ್ರಾನ್ಸಿಸ್ಕನ್ ಸಿಸ್ಟರುಗಳು, ಅದೇ ಹೊತ್ತಿಗೆ ಫಾದರ್ ವೆಂಡಲಿನ್ ಮೊಲರ್ಸ್. ಅನಾಥ ಹುಡುಗರನ್ನು ನೋಡಿಕೊಳ್ಳುತ್ತೇವೆ ಎಂದು ಮದರ್ ಮರಿಯಾನ್ ಮಾತು ಕೊಟ್ಟರು. ದೇಹ ಬೇಗ ಬೇಗ ಇಳಿಯುತ್ತಿದ್ದ ಈ ತಿಂಗಳುಗಳಲ್ಲೇ ಡೇಮಿಯನ್ನರ ಮನಸ್ಸು ಹಗುರವಾಯಿತು. ಗಾಳಿಗೆ ಬಿದ್ದ ದೇವಾಲಯದ ಗೋಪುರವನ್ನು ಎತ್ತಿ ಕಟ್ಟಡ ವಿಸ್ತರಿಸುವ ಕೆಲಸಕ್ಕೆ ಬಟ್ಟೆ ಸುತ್ತಿದ ಕೈಯಿಂದಲೇ ಇಳಿದರು.

1889ರ ಮಾರ್ಚ್ ಕೊನೆಯ ವಾರ ಹಾಸಿಗೆ ಹಿಡಿದರು. ಹಾಸಿಗೆ ಎಂದರೆ ನೆಲದ ಮೇಲಿನ ಹುಲ್ಲಿನ ಚಾಪೆ. ಮಂಚಕ್ಕೆ ಒಪ್ಪಿಸಲು ಉಳಿದವರು ಹೆಣಗಬೇಕಾಯಿತು. ಮಾರ್ಚ್ 30ರಂದು ಇಡೀ ಜೀವಮಾನದ ಪಾಪನಿವೇದನೆ ಮಾಡಿ, ವ್ರತಗಳನ್ನು ನವೀಕರಿಸಿದರು. ಈ ಬಾರಿ ದೋಣಿಯಿಂದ ಕೂಗಬೇಕಾಗಿರಲಿಲ್ಲ, ಗುರು ಪಕ್ಕದಲ್ಲಿದ್ದರು. ಏಪ್ರಿಲ್ 2ರಂದು ಅಂತ್ಯಾಭ್ಯಂಗ, ಅಂದರೆ ಸಾವಿನಂಚಿನಲ್ಲಿರುವವರಿಗೆ ಎಣ್ಣೆ ಹಚ್ಚುವ ಸಂಸ್ಕಾರ. ಕೈಗಳ ಹುಣ್ಣು ಒಣಗಿ ಹೊಪ್ಪಳೆ ಕಪ್ಪಾಗುತ್ತಿರುವುದನ್ನು ತೋರಿಸಿ, ಇದು ಸಾವಿನ ಗುರುತು, ಬಹಳ ಜನರಲ್ಲಿ ನೋಡಿದ್ದೇನೆ ಎಂದರು. ಪಾಸ್ಖ (ಈಸ್ಟರ್) ಹಬ್ಬವನ್ನು ಪ್ರಭುವಿನೊಂದಿಗೆ ಆಚರಿಸುವ ಆಸೆ ಹೇಳಿಕೊಂಡರು. ಪವಿತ್ರ ವಾರದ ಸೋಮವಾರ, ಏಪ್ರಿಲ್ 15ರ ಬೆಳಗ್ಗೆ ತೀರಿಕೊಂಡರು. ವಯಸ್ಸು 49.

ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಬಳಸುವುದು

ಕರ್ನಾಟಕಕ್ಕೆ ಈ ರೋಗ ಹೊರಗಿನದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠಬಾಧಿತರಿಗೆ ಸಂತ ಜೋಸೆಫರ ಹೆಸರಿನ ಆಸ್ಪತ್ರೆ ಕಟ್ಟಿದರು. ಡೇಮಿಯನ್ ತೀರಿಕೊಂಡ ಮರುವರ್ಷ. ಈಗ ಮೂರು ಔಷಧಿಗಳ ಚಿಕಿತ್ಸೆ (ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್) ರೋಗದ ಬಗೆ ನೋಡಿ ಆರು ಅಥವಾ ಹನ್ನೆರಡು ತಿಂಗಳು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಸ್ಪರ್ಶವಿಲ್ಲದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ತೋರಿಸಬೇಕು. ನರ ಸತ್ತ ಮೇಲೆ ಔಷಧಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸ್ಪರ್ಶ ಮರಳಿ ಕೊಡುವುದು ಕಡಿಮೆ. ಪಾದ ಮರಗಟ್ಟಿದವರು ನೀರಿಗೆ ಕಾಲಿಡುವ ಮುನ್ನ ಸ್ಪರ್ಶವಿರುವ ಮೊಣಕೈಯಿಂದ ಬಿಸಿ ನೋಡಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೂ ಇದೇ ಮಾತು.

ಕ್ಯಾನ್ಸರ್, ಡಯಾಲಿಸಿಸ್, ಪಾರ್ಶ್ವವಾಯು ಯಾವುದೇ ಇರಲಿ, ರೋಗಿಯನ್ನು ಭೇಟಿ ಮಾಡುವವರು ಮೊದಲು ಕೇಳಬೇಕಾದ್ದು 'ಈ ಮನೆಯಲ್ಲಿ ಅಡ್ಡಿ ಯಾವುದು?' ಎಂದು. ಒಬ್ಬರಿಗೆ ಮೂತ್ರದ ಚೀಲದ ನಾಚಿಕೆ, ಇನ್ನೊಬ್ಬರಿಗೆ ದೇವಾಲಯದ ಮೆಟ್ಟಿಲು, ಮತ್ತೊಬ್ಬರಿಗೆ ಪರಮಪ್ರಸಾದ ನುಂಗಲಾಗದ ಗಂಟಲು. ಮೂರನೆಯದಕ್ಕೆ ಧರ್ಮಸಭೆಯ ನಿಯಮದಲ್ಲೇ ದಾರಿಯಿದೆ: ಚೂರಿನಷ್ಟು ಕೊಟ್ಟು ನೀರು ಕೊಡಬಹುದು, ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಷ್ಟೇ ಸ್ವೀಕರಿಸಬಹುದು. ರೋಗಿಗೂ ಆರೈಕೆ ಮಾಡುವವರಿಗೂ ಒಂದು ಗಂಟೆಯ ಉಪವಾಸದ ಕಟ್ಟಳೆ ಇಲ್ಲ.

ಎರಡನೆಯದು, ಭೇಟಿಗೆ ದಿನ ಗೊತ್ತುಮಾಡುವುದು. 'ಯಾವಾಗಲಾದರೂ ಬರುತ್ತೇವೆ' ಎಂದು ಹೇಳಿ ಹೋದವರು ಬರುವುದಿಲ್ಲ. ಮೊದಲ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಎಂದರೆ ರೋಗಿ ಒಂಬತ್ತಕ್ಕೇ ತಲೆ ಬಾಚಿಸಿಕೊಂಡು ಕೂತಿರುತ್ತಾರೆ. ಗುರುಗಳು ಬಂದಾಗ ಮನೆಯವರು ಹೇಳಿಸಿಕೊಳ್ಳದೆ ಹತ್ತು ನಿಮಿಷ ಹೊರಗೆ ಹೋಗಬೇಕು. ಸೊಸೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಅಜ್ಜಿ ಪಾಪನಿವೇದನೆ ಮಾಡುವುದಾದರೂ ಹೇಗೆ? ಅಭ್ಯಂಗಕ್ಕೆ ಗುರುಗಳನ್ನು ಕರೆದರೆ ಸಾವು ಹತ್ತಿರ ಎಂದು ರೋಗಿ ಹೆದರುತ್ತಾರೆ ಅಂತ ಕೊನೆ ಗಳಿಗೆಯವರೆಗೆ ಮುಂದೂಡುವ ಮನೆಗಳು ಬಹಳ. ಅದು ಈಗ ವ್ಯಾಧಿಸ್ಥರ ಅಭ್ಯಂಗ. ಗಂಭೀರ ಕಾಯಿಲೆಯ ಆರಂಭದಲ್ಲೇ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನವೂ ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು.

ಶಕ್ತಿ ಕುಂದಿದಂತೆ ನೇಮವನ್ನು ಚಿಕ್ಕದು ಮಾಡಬೇಕು, ಕೈಬಿಡಬಾರದು. ಐದು ದಶಕದ (ಹತ್ತು 'ನಮೋ ಮರಿಯ' ಸೇರಿದರೆ ಒಂದು ದಶಕ) ಜಪಸರ ಒಂದಾಗಲಿ, ಒಂದು ದಶಕ ಒಂದು 'ನಮೋ ಮರಿಯ' ಆಗಲಿ, ಆದರೆ ಅದೇ ಹೊತ್ತಿಗೆ. ಜೊತೆಗೆ ರೋಗಿಯಿಂದ ಪ್ರಾರ್ಥನೆ ಬೇಡಿ: ಪರೀಕ್ಷೆ ಬರೆಯುವ ಮೊಮ್ಮಗಳ ಹೆಸರು, ಪಕ್ಕದ ಮನೆಯವರ ಹೆಸರು ಕೊಟ್ಟು ಹೋಗಿ. ಮೊಲೊಕಾಯಿಯಲ್ಲಿ ಮಲಗಿದವರಿಗೂ ಆರಾಧನೆಯ ಸರದಿ ಇದ್ದದ್ದು ಈ ಕಾರಣಕ್ಕೆ. ಸರದಿ ಇದ್ದವರು ಬರೀ ರೋಗಿಯಲ್ಲ. 'ದೇವರು ಪ್ರೀತಿಸುವವರಿಗೇ ಕಷ್ಟ ಕೊಡೋದು' ಎಂಬ ಮಾತನ್ನು ಮಾತ್ರ ದಯವಿಟ್ಟು ಹಾಸಿಗೆಯ ಪಕ್ಕ ಹೇಳಬೇಡಿ. ರೋಗಿ ತಾನಾಗಿ ಹೇಳಿದರೆ ಅದು ಪ್ರಾರ್ಥನೆ. ಆರೋಗ್ಯವಂತರು ಹೇಳಿದರೆ ಪೆಟ್ಟು.

ಡೇಮಿಯನ್ನರನ್ನು 1873ರಲ್ಲಿ ಮಲಗಿದ್ದ ಅದೇ ಮರದ ಬುಡದಲ್ಲಿ ಹೂಳಲಾಯಿತು. 1936ರಲ್ಲಿ ಅವಶೇಷಗಳನ್ನು ಬೆಲ್ಜಿಯಮ್ಮಿನ ಲ್ಯೂವೆನ್‌ಗೆ ಒಯ್ದರು. ಮೊಲೊಕಾಯಿಯ ಜನ ಅದನ್ನು ಮನಸ್ಸಿಗೆ ಹಚ್ಚಿಕೊಂಡೇ ಇದ್ದರು. 1995ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದ ಮೇಲೆ ಬಲಗೈಯ ಅವಶೇಷವನ್ನು ಹಿಂದಕ್ಕೆ ಕೊಟ್ಟರು. ಅದು ಈಗ ಕಲಾವಾವೊದ ಹಳೆಯ ಸಮಾಧಿಯಲ್ಲಿದೆ, ತೂತು ಕೊರೆದ ನೆಲದ ಆ ದೇವಾಲಯದ ಪಕ್ಕದಲ್ಲಿ.